ಇಂಗ್ಲೆಂಡಿನ ಹಳ್ಳಿ ಹಬ್ಬಗಳು: ನೋಡಿ ಬರಬೇಕಾ, ಸೇರಿಕೊಳ್ಳಬೇಕಾ?

ಡರ್ಬಿ_ಶಾಲಿನಿ:
ಎಲ್ಲರಿಗೂ ನಮಸ್ಕಾರ. ನಾವು ರೆಡಿಂಗ್ ಬಿಟ್ಟು ಡರ್ಬಿಶೈರಿನ ಒಂದು ಸಣ್ಣ ಹಳ್ಳಿಗೆ ಬಂದಿದ್ದೇವೆ. ಇಲ್ಲಿ ಬಾವಿ, ಚಿಲುಮೆಗಳ ಮುಂದೆ ಹೂವಿನ ಎಸಳುಗಳಲ್ಲಿ ದೊಡ್ಡ ಚಿತ್ರ ಮಾಡಿ ನಿಲ್ಲಿಸುತ್ತಾರೆ. ವೆಲ್ ಡ್ರೆಸಿಂಗ್ ಅನ್ನುತ್ತಾರೆ. ಪಕ್ಕದ ಮನೆಯ ಅಜ್ಜಿ ಬಂದು, "ಎಸಳು ಅಂಟಿಸೋಕೆ ಜನ ಸಾಲುತ್ತಿಲ್ಲ, ನೀವೂ ಬನ್ನಿ" ಎಂದು ಕರೆದರು. ನನಗೆ ಆಸೆ. ಯಜಮಾನರಿಗೆ ಮಾತ್ರ ಅನುಮಾನ. ಅದು ಚರ್ಚಿನ ಹಬ್ಬ, ಪಾದ್ರಿ ಬಂದು ಪ್ರಾರ್ಥನೆ ಮಾಡುತ್ತಾರೆ, ನಾವು ನಡುವೆ ಹೋಗಿ ನಿಂತರೆ ಅವರಿಗೂ ಇರಿಸುಮುರಿಸು, ನಮಗೂ ಇರಿಸುಮುರಿಸು ಅನ್ನುತ್ತಾರೆ.

ಇನ್ನೊಂದು ವಿಷಯ. ಅತ್ತೆ ಮಾವ ಮೇ ಕೊನೆಯಲ್ಲಿ ಬಂದು ಸೆಪ್ಟೆಂಬರ್ ತನಕ ಇರುತ್ತಾರೆ. ಶಿರಸಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವವರು. ಲಂಡನ್ ಅವರಿಗೆ ಸಾಕಾಗಿದೆ. ಹಳ್ಳಿ ಕಡೆಯ ಹಬ್ಬ, ಸಂತೆ, ಕೃಷಿ ಮೇಳ ತೋರಿಸಬೇಕು ಅಂತಿದೆ. ಮಾವನಿಗೆ ಮಂಡಿನೋವು, ಜಾಸ್ತಿ ಹತ್ತಿ ಇಳಿಯೋಕೆ ಆಗಲ್ಲ. ಏನೇನು ನೋಡಬಹುದು?

ಲೆಸ್ಟರ್_ಮಂಜು:
ಚೀಸ್ ರೋಲಿಂಗ್! ಗ್ಲಾಸ್ಟರ್‌ಶೈರಿನ ಕೂಪರ್ಸ್ ಹಿಲ್. ಮೇ ಕೊನೆಯ ಸೋಮವಾರದ ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆ ದಿನ. ಕಡಿದಾದ ಗುಡ್ಡದ ಮೇಲಿನಿಂದ ಡಬಲ್ ಗ್ಲಾಸ್ಟರ್ ಚೀಸಿನ ಚಕ್ರ ಉರುಳಿಸುತ್ತಾರೆ, ಜನ ಅದರ ಹಿಂದೆ ಬಿದ್ದೂ ಎದ್ದೂ ಓಡುತ್ತಾರೆ. ಮೊದಲು ಕೆಳಗೆ ಮುಟ್ಟಿದವರಿಗೆ ಚೀಸ್. ಬೇರೆಲ್ಲೂ ಇಂಥದ್ದು ಸಿಗಲ್ಲ.

ನರ್ಸ್_ವಿಮಲಾ:
ಮಂಜು, ಮಂಡಿನೋವು ಇರುವ ಹಿರಿಯರಿಗೆ ಕೂಪರ್ಸ್ ಹಿಲ್ ಹೇಳುತ್ತೀರಾ? ನೋಡುವವರೂ ಕಾಡಿನ ದಾರಿಯಲ್ಲಿ ನಡೆದು ಹತ್ತಬೇಕು. ಕೆಸರು, ನೂಕುನುಗ್ಗಲು. ಓಡುವವರ ಕಾಲು, ಭುಜ ಮುರಿಯುವುದು ಪ್ರತಿ ವರ್ಷದ ಕಥೆ. 2023ರಲ್ಲಿ ಹೆಂಗಸರ ಓಟ ಗೆದ್ದ ಕೆನಡಾದ ಹುಡುಗಿ ಕೆಳಗೆ ಬೀಳುವಾಗಲೇ ಪ್ರಜ್ಞೆ ತಪ್ಪಿದ್ದಳು. ಗೆದ್ದಿದ್ದು ಗೊತ್ತಾಗಿದ್ದು ಎಚ್ಚರ ಆದ ಮೇಲೆ.

ಲೆಸ್ಟರ್_ಮಂಜು:
ನೋಡೋಕೆ ಹೇಳಿದ್ದು ಮೇಡಂ, ಓಡೋಕೆ ಅಲ್ಲ.

ಇತಿಹಾಸ_ಪ್ರಿಯ:
ಚೀಸ್ ರೋಲಿಂಗ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಶಾಲಿನಿಯವರ ಪ್ರಶ್ನೆಗೂ ಅದು ತಾಗುತ್ತದೆ. 2010ರಲ್ಲಿ ಜನ ಅತಿಯಾದರು, ಸುರಕ್ಷತೆ ಇಲ್ಲ ಎಂದು ಅಧಿಕೃತ ಕಾರ್ಯಕ್ರಮ ನಿಲ್ಲಿಸಿದರು. ಆದರೂ ಊರಿನವರು ತಾವೇ ಚೀಸ್ ತಂದು ಉರುಳಿಸಿದರು. 2013ರಲ್ಲಿ ಯಾರಿಗೂ ಪೆಟ್ಟಾಗದಿರಲಿ ಎಂದು ಚೀಸಿನ ಬದಲು ಹಗುರ ಫೋಮಿನ ಚಕ್ರ ಬಳಸಿದರು. ನಿಜವಾದ ಚೀಸ್ ಮೂರು ನಾಲ್ಕು ಕೆಜಿ ಇರುತ್ತದೆ, ವೇಗದಲ್ಲಿ ಬಂದು ಬಡಿದರೆ ನೋಡುವವರಿಗೂ ಕಷ್ಟ. ಅಂದರೆ ಈ ಹಬ್ಬಗಳನ್ನು ನಡೆಸುವುದು ಸರ್ಕಾರವೂ ಅಲ್ಲ, ಟೂರಿಸ್ಟ್ ಕಂಪನಿಯೂ ಅಲ್ಲ. ಆ ಊರಿನ ಬೆರಳೆಣಿಕೆಯ ಜನ. ಅವರು ಕೈ ಬಿಟ್ಟರೆ ಮುಗಿಯಿತು. ಹಾಗಾಗಿ ಅಜ್ಜಿ ಕರೆದಿದ್ದು ಸುಮ್ನೆ ಉಪಚಾರಕ್ಕೆ ಅಲ್ಲ. ದಯವಿಟ್ಟು ಹೋಗಿ.

ಹಾರೋಗೇಟ್_ಅಕ್ಕ:
ಶಾಲಿನಿ, ಯೋಚನೆ ಮಾಡದೆ ಹೋಗಮ್ಮ. ನಾನು ಮೊದಲು ಬೇಕ್‌ವೆಲ್ ಹತ್ತಿರ ಇದ್ದಾಗ ಈ ಕೆಲಸ ಮಾಡಿದ್ದೇನೆ. ಹೇಗಿರುತ್ತದೆ ಅಂತ ಹೇಳುತ್ತೇನೆ ಕೇಳು.

ಮೊದಲು ದೊಡ್ಡ ದೊಡ್ಡ ಮರದ ಹಲಗೆಗಳನ್ನು ಹೊಳೆಯಲ್ಲೋ ಕೆರೆಯಲ್ಲೋ ಕೆಲವು ದಿನ ನೆನೆಹಾಕುತ್ತಾರೆ. ಹಲಗೆ ಒಣಗಿದ್ದರೆ ಮಣ್ಣಿನ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಚಿತ್ರ ಬಿರುಕು ಬಿಡುತ್ತದೆ. ಆಮೇಲೆ ಜೇಡಿಮಣ್ಣಿಗೆ ನೀರು, ಉಪ್ಪು ಹಾಕಿ ತುಳಿದು ಹದ ಮಾಡುತ್ತಾರೆ. ಉಪ್ಪು ಹಾಕುವುದು ತೇವ ಆರದಿರಲಿ ಅಂತ. ಗಂಬೂಟು ಹಾಕಿಕೊಂಡು ಮಣ್ಣು ತುಳಿಯುವ ಕೆಲಸಕ್ಕೆ ಮಕ್ಕಳು ಮೊದಲು ಓಡಿ ಬರುತ್ತಾರೆ. ಮಣ್ಣನ್ನು ಹಲಗೆ ಮೇಲೆ ಸಮನಾಗಿ ಮೆತ್ತಿ, ಮೇಲೆ ಚಿತ್ರದ ಕಾಗದ ಹಾಸಿ, ಗೆರೆಯ ಉದ್ದಕ್ಕೂ ಸೂಜಿಯಲ್ಲಿ ಚುಚ್ಚುತ್ತಾರೆ. ಕಾಗದ ತೆಗೆದರೆ ಮಣ್ಣಿನ ಮೇಲೆ ಚುಕ್ಕಿ ಚುಕ್ಕಿ ಗೆರೆ ಉಳಿಯುತ್ತದೆ. ಆ ಗೆರೆಗೆ ಆಲ್ಡರ್ ಮರದ ಒಣ ಕಾಯಿಯನ್ನು ಒತ್ತುತ್ತಾ ಹೋಗಬೇಕು. ಕೆಲವು ಊರಲ್ಲಿ ಕಾಫಿ ಬೀಜವನ್ನೂ ಬಳಸುತ್ತಾರೆ.

ಕೊನೆಗೆ ಎಸಳು. ಇಲ್ಲಿ ಒಂದು ನಿಯಮ ಇದೆ, ಅದನ್ನು ನೆನಪಿಟ್ಟುಕೋ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಹೆಂಚು ಹೊದೆಸುವ ಹಾಗೆ ಒಂದರ ಮೇಲೆ ಒಂದು ಬರಬೇಕು, ಆಗ ಮಳೆ ನೀರು ಜಾರಿ ಹೋಗುತ್ತದೆ. ಹೈಡ್ರೇಂಜಿಯ ಎಸಳು ಚೆನ್ನಾಗಿ ತಡೆಯುತ್ತದೆ. ಪಾಚಿ, ಎಲೆ, ತೊಗಟೆ, ಬೀಜ, ಎಲ್ಲ ನಡೆಯುತ್ತದೆ. ಪ್ಲಾಸ್ಟಿಕ್ ಮಾತ್ರ ಮುಟ್ಟುವ ಹಾಗಿಲ್ಲ. ಒಂದು ವಾರ ಇರುತ್ತದೆ, ಅಷ್ಟರಲ್ಲಿ ಎಸಳು ಕಂದು ಬಣ್ಣಕ್ಕೆ ತಿರುಗುತ್ತದೆ, ತೆಗೆದುಬಿಡುತ್ತಾರೆ.

ಹಲಗೆ ಸುತ್ತ ಕೂತು ರಾತ್ರಿ ಹತ್ತರ ತನಕ ಎಸಳು ಹಚ್ಚುವಾಗ ನೀನು ಯಾವ ದೇವರಿಗೆ ಕೈ ಮುಗಿಯುತ್ತೀ ಅಂತ ನನ್ನನ್ನು ಯಾರೂ ಕೇಳಲಿಲ್ಲ. "ಬೆರಳು ಬೇಗ ಓಡಿಸು, ಎಸಳು ಬಾಡುತ್ತಿದೆ" ಅಂತ ಗದರಿದ್ದುಂಟು. ನಿಮ್ಮ ಯಜಮಾನರಿಗೆ ಮಣ್ಣು ತುಳಿಯುವ ಕೆಲಸ ಕೊಡಿಸು.

ಗದಗ್ಗಾರ:
ಅಕ್ಕಾರ, ಇದು ಭಾಳ ಚಂದ ಹೇಳಿದಿರಿ. ಕೇಳಿದ ಮ್ಯಾಲ ನೋಡಬೇಕ ಅನಸ್ತದ. ಎಲ್ಲಿ ಛಲೋ ಮಾಡ್ತಾರ?

ಹಾರೋಗೇಟ್_ಅಕ್ಕ:
ಎಲ್ಲರೂ ಟಿಸಿಂಗ್ಟನ್ ಹೆಸರು ಹೇಳುತ್ತಾರೆ. ಈಸ್ಟರ್ ಆಗಿ ನಲವತ್ತನೇ ದಿನ ಬರುವ ಗುರುವಾರ, ಅಸೆನ್ಷನ್ ಹಬ್ಬಕ್ಕೆ ಅಲ್ಲಿ ಶುರು. ಊರಿನಲ್ಲಿ ಆರು ಬಾವಿ ಇವೆ, ಒಂದು ಮಕ್ಕಳೇ ಸಿಂಗರಿಸುವುದು. ಆಮೇಲೆ ಒಂದೊಂದು ಹಳ್ಳಿಗೆ ಒಂದೊಂದು ವಾರ. ಯೂಲ್‌ಗ್ರೀವ್, ಟೈಡ್ಸ್‌ವೆಲ್ ಜೂನಿನಲ್ಲಿ. ಈಮ್ ಆಗಸ್ಟ್ ಕೊನೆಗೆ. ಹಾಗಾಗಿ ಶಾಲಿನಿಯ ಅತ್ತೆ ಮಾವ ಯಾವಾಗ ಬಂದರೂ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ರಸ್ತೆ ಬದಿಯಲ್ಲೇ ಇರುತ್ತವೆ, ಹತ್ತುವ ಇಳಿಯುವ ಕಷ್ಟ ಇಲ್ಲ.

ಕುಂದಾಪ್ರ_ಕಿಟ್ಟಿ:
ಇದೆಲ್ಲ ಕ್ರಿಶ್ಚಿಯನ್ ಧರ್ಮ ಬರುವುದಕ್ಕೂ ಮೊದಲಿನದು ಅಲ್ವಾ? ನೀರನ್ನು ಪೂಜಿಸುವುದು, ಮರ ಪೂಜಿಸುವುದು, ಮೇ ತಿಂಗಳ ಹಬ್ಬಕ್ಕೆ ನೆಡುವ ಮೇ ಕಂಬ ಸುತ್ತಿ ಕುಣಿಯುವುದು, ಎಲ್ಲ ಸಾವಿರಾರು ವರ್ಷ ಹಳೆಯದು. ಚರ್ಚು ಆಮೇಲೆ ತನ್ನ ಹೆಸರು ಹಾಕಿಕೊಂಡಿತು ಅಷ್ಟೆ. ಹಾಗಾಗಿ ನಿಮ್ಮ ಯಜಮಾನರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇತಿಹಾಸ_ಪ್ರಿಯ:
ಕಿಟ್ಟಿಯವರೇ, ಹೋಗಬಹುದು ಎಂಬ ಮಾತಿಗೆ ನನ್ನ ಒಪ್ಪಿಗೆ ಇದೆ. ಕಾರಣಕ್ಕೆ ಇಲ್ಲ. "ಸಾವಿರಾರು ವರ್ಷ" ಎಂದು ಎಲ್ಲದಕ್ಕೂ ಹೇಳುತ್ತಾರೆ, ದಾಖಲೆ ಕೇಳಿದರೆ ಸಿಗುವುದು ಬೇರೆ.

ಟಿಸಿಂಗ್ಟನ್ನಿನ ಬಗ್ಗೆ ಊರಿನವರು ಹೇಳುವ ಕಥೆ ಎರಡು. 1349ರ ಪ್ಲೇಗಿನಲ್ಲಿ ಊರು ಉಳಿದಿದ್ದು ಶುದ್ಧ ನೀರಿನಿಂದ, ಅದರ ಕೃತಜ್ಞತೆಗೆ ಎಂಬುದು ಒಂದು. 1615ರ ಭೀಕರ ಬರದಲ್ಲೂ ಇಲ್ಲಿನ ಬಾವಿ ಬತ್ತಲಿಲ್ಲ ಎಂಬುದು ಇನ್ನೊಂದು. ಯೂಲ್‌ಗ್ರೀವಿನ ಕಥೆ ಇನ್ನೂ ಹೊಸದು. 1829ರಲ್ಲಿ ಆ ಊರಿಗೆ ಪೈಪಿನಲ್ಲಿ ನೀರು ಬಂತು, ಜನ ನಲ್ಲಿಗಳನ್ನು ಸಿಂಗರಿಸಿದರು. ಚರ್ಚಿನಲ್ಲಿ ನಡೆಯುವ ಸುಗ್ಗಿ ಹಬ್ಬ, ಅದೇ ಹಾರ್ವೆಸ್ಟ್ ಫೆಸ್ಟಿವಲ್, ಈಗಿನ ರೂಪದಲ್ಲಿ ಶುರುವಾಗಿದ್ದು 1843ರಲ್ಲಿ, ಮಾರ್ವೆನ್‌ಸ್ಟೋ ಎಂಬ ಊರಿನ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್ ಅವರಿಂದ. ಮೇ ಕಂಬಕ್ಕೆ ಬಣ್ಣದ ರಿಬ್ಬನ್ ಕಟ್ಟಿ ಮಕ್ಕಳು ಹೆಣೆಯುವ ಕುಣಿತ ಹರಡಿದ್ದು 19ನೇ ಶತಮಾನದಲ್ಲಿ. ಕಂಬ ಅದಕ್ಕಿಂತ ಹಳೆಯದು, ನಿಜ. 1644ರಲ್ಲಿ ಪಾರ್ಲಿಮೆಂಟು ಅದನ್ನು ನಿಷೇಧಿಸಿತ್ತು, ನಡುವೆ ರಾಜನೇ ಇಲ್ಲದಿದ್ದ ದೇಶಕ್ಕೆ 1660ರಲ್ಲಿ ರಾಜ ವಾಪಸ್ ಬಂದ ಮೇಲೆ ಕಂಬಗಳೂ ವಾಪಸ್ ಬಂದವು.

ಕುಂದಾಪ್ರ_ಕಿಟ್ಟಿ:
ಹಾಗಾದ್ರೆ ನೂರು ಇನ್ನೂರು ವರ್ಷದ್ದು ಅಂದ್ರೆ ಬೆಲೆ ಇಲ್ವಾ?

ಇತಿಹಾಸ_ಪ್ರಿಯ:
ಬೆಲೆ ಇದೆ ಅಂತಲೇ ಹೇಳುತ್ತಿರುವುದು. ಕೇಂಬ್ರಿಡ್ಜ್‌ಶೈರಿನ ವಿಟಲ್ಸಿಯಲ್ಲಿ ಜನವರಿಯಲ್ಲಿ ಒಬ್ಬನಿಗೆ ಮೈತುಂಬ ಹುಲ್ಲು ಸುತ್ತಿ ಕರಡಿ ಮಾಡಿ ಊರೆಲ್ಲ ಕುಣಿಸುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಅದು ಭಿಕ್ಷೆ ಬೇಡಿದಂತೆ ಎಂದು ಪೊಲೀಸರು ನಿಲ್ಲಿಸಿದ್ದರು. 1980ರಲ್ಲಿ ಊರಿನವರು ಮತ್ತೆ ಶುರು ಮಾಡಿದರು. ನಡುವೆ ಅಷ್ಟು ವರ್ಷ ಇರಲಿಲ್ಲ ಎಂದು ಅದರ ಸಂಭ್ರಮ ಕಡಿಮೆ ಆಗಿಲ್ಲ. ಯಾರೋ ಕೂತು, ಹಣ ಕೂಡಿಸಿ, ಹುಲ್ಲು ಹೊಂದಿಸಿ ಮಾಡಿದ್ದಕ್ಕೆ ಇವತ್ತು ಇದೆ. ಹಳೆಯದು ಎಂಬ ಹೆಮ್ಮೆಯಿಂದ ತಾನಾಗಿ ಯಾವ ಹಬ್ಬವೂ ಉಳಿಯುವುದಿಲ್ಲ.

ಸ್ಟಾಫರ್ಡ್_ಚಂದ್ರು:
ನಿಜವಾಗಿ ಹಳೆಯದು ಬೇಕು ಅಂದರೆ ನಮ್ಮ ಕಡೆ ಬನ್ನಿ. ಸ್ಟಾಫರ್ಡ್‌ಶೈರಿನ ಆಬಟ್ಸ್ ಬ್ರೋಮ್ಲಿ, ಕೊಂಬಿನ ಕುಣಿತ. ಆರು ಜೊತೆ ಹಿಮಸಾರಂಗದ ಕೊಂಬು ವರ್ಷವಿಡೀ ಸೇಂಟ್ ನಿಕೊಲಸ್ ಚರ್ಚಿನಲ್ಲಿ ಇರುತ್ತವೆ. 1970ರ ದಶಕದಲ್ಲಿ ಕಾರ್ಬನ್ ಪರೀಕ್ಷೆ ಮಾಡಿದಾಗ ಅವು 11ನೇ ಶತಮಾನದವು ಎಂದು ತಿಳಿಯಿತು. ಆಗ ಇಂಗ್ಲೆಂಡಿನಲ್ಲಿ ಹಿಮಸಾರಂಗವೇ ಇರಲಿಲ್ಲ, ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದಿರಬೇಕು ಎನ್ನುತ್ತಾರೆ. ಅತಿ ಭಾರದ ಜೊತೆ ಸುಮಾರು 11 ಕೆಜಿ. ಅದನ್ನು ಹೊತ್ತು ದಿನವಿಡೀ ಊರು, ತೋಟದ ಮನೆ, ಪಬ್ಬು ಸುತ್ತಿ ಕುಣಿಯುತ್ತಾರೆ. ಜೊತೆಗೆ ಬಿಲ್ಲು ಹಿಡಿದ ಹುಡುಗ, ಹೆಣ್ಣುವೇಷದ ಮೇಡ್ ಮೇರಿಯನ್, ಕೋಡಂಗಿ, ಮರದ ಕುದುರೆ, ವಾದ್ಯದವರು. ಸೆಪ್ಟೆಂಬರ್ ಮೊದಲ ಸೋಮವಾರ. ಅತ್ತೆ ಮಾವ ಇರುವಾಗಲೇ ಬರುತ್ತದೆ.

ಮಲ್ನಾಡ್_ಇನ್_ಕೆಂಟ್:
ಚಂದ್ರು ಸರ್, ದಿನಾಂಕ ಸ್ವಲ್ಪ ಬೇರೆ. ಸೆಪ್ಟೆಂಬರ್ 4 ಆದ ಮೇಲೆ ಬರುವ ಮೊದಲ ಭಾನುವಾರದ ಮಾರನೇ ದಿನ. ಅಂದರೆ 6ರಿಂದ 12ರ ಒಳಗೆ ಯಾವುದಾದರೂ ಸೋಮವಾರ. ಮೊದಲ ಸೋಮವಾರ ಎಂದು ಹೊರಟರೆ ಕೆಲವು ವರ್ಷ ಖಾಲಿ ಬೀದಿ ನೋಡಿ ಬರಬೇಕಾಗುತ್ತದೆ.

ಸ್ಟಾಫರ್ಡ್_ಚಂದ್ರು:
ಹೌದು, ಅದೇ ಸರಿ ಲೆಕ್ಕ. ಶಾಲಿನಿಯವರೇ, ಅದನ್ನೇ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಎಂಟಕ್ಕೆಲ್ಲ ಚರ್ಚಿನ ಹತ್ತಿರ ಇದ್ದರೆ ಕೊಂಬು ಹೊರಗೆ ತರುವುದನ್ನು ನೋಡಬಹುದು. ಜನ ಕಡಿಮೆ, ಕಾರು ನಿಲ್ಲಿಸೋಕೂ ಜಾಗ ಇರುತ್ತದೆ. ವಾದ್ಯದ ಸದ್ದು ಬಿಟ್ಟರೆ ಗಲಾಟೆ ಇಲ್ಲ. ಮಾವನಿಗೆ ಹಸಿರು ಬಯಲಿನ ಹತ್ತಿರ ಒಂದು ಮಡಚುವ ಕುರ್ಚಿ ಹಾಕಿ.

ಬೆಣ್ಣೆದೋಸೆ_ದಾವಣಗೆರೆ:
ಇದು ಓದಿದ್ರೆ ನಮ್ಮ ಊರ ಜಾತ್ರೆಯೇ ಅನಿಸ್ತಿದೆ. ಅಲ್ಲಿ ತೇರು, ಇಲ್ಲಿ ಕೊಂಬು. ಎಲ್ಲ ಒಂದೇ.

ಹಾರೋಗೇಟ್_ಅಕ್ಕ:
ಎಲ್ಲ ಒಂದೇ ಅಂದುಬಿಟ್ಟರೆ ನೋಡುವುದು ಅಲ್ಲಿಗೇ ನಿಂತುಹೋಗುತ್ತದಪ್ಪ. ಆ ಕೊಂಬು ಅಲ್ಲಿಗೆ ಹೇಗೆ ಬಂತು, ಯಾವ ಮನೆತನದವರು ತಲೆಮಾರಿನಿಂದ ಹೊರುತ್ತಿದ್ದಾರೆ, ಯಾಕೆ ಆ ತೋಟದ ಮನೆಗೇ ಹೋಗುತ್ತಾರೆ, ಇದನ್ನು ಕೇಳಬೇಕು. ಅವರಿಗೂ ಅದನ್ನು ಹೇಳೋಕೆ ಖುಷಿ. ನಮ್ಮದನ್ನು ಹೇಳುವ ಸಮಯ ಆಮೇಲೆ ತಾನಾಗಿ ಬರುತ್ತದೆ.

ಸಾಮರ್ಸೆಟ್_ರಾಘು:
ಮೇ ತಿಂಗಳಲ್ಲಿ ಬರುವವರು ಇದ್ದರೆ ಕಾರ್ನ್‌ವಾಲ್ ತಪ್ಪಿಸಬೇಡಿ. ಮೇ 1ಕ್ಕೆ ಪ್ಯಾಡ್‌ಸ್ಟೋ, ಮೇ 8ಕ್ಕೆ ಹೆಲ್‌ಸ್ಟನ್. ಪ್ಯಾಡ್‌ಸ್ಟೋದಲ್ಲಿ ಕಪ್ಪು ಬಟ್ಟೆ ಹೊದಿಸಿದ ದೊಡ್ಡ ದುಂಡು ಚೌಕಟ್ಟನ್ನು ಒಬ್ಬ ಹೊತ್ತು ಕುಣಿಸುವ ಕುದುರೆ ವೇಷ, ಎರಡು ಗುಂಪು, ಒಂದು ಕೆಂಪು ಒಂದು ನೀಲಿ. ಡ್ರಮ್ಮು, ಅಕಾರ್ಡಿಯನ್, ಇಡೀ ದಿನ ಒಂದೇ ಹಾಡು. ಹೆಲ್‌ಸ್ಟನ್ನಿನಲ್ಲಿ ಬೆಳಗ್ಗೆ ಏಳಕ್ಕೆ ಶುರು. ಮಧ್ಯಾಹ್ನದ ಕುಣಿತದಲ್ಲಿ ಗಂಡಸರು ಉದ್ದ ಟೋಪಿ, ಹೆಂಗಸರು ಗೌನು ಹಾಕಿ, ಜೋಡಿ ಜೋಡಿಯಾಗಿ ಮನೆ ಅಂಗಡಿಗಳ ಒಳಗೆ ನುಗ್ಗಿ ಇನ್ನೊಂದು ಬಾಗಿಲಿನಿಂದ ಹೊರಗೆ ಬರುತ್ತಾರೆ. ಇಂಗ್ಲೆಂಡಿನ ಹಳ್ಳಿ ಸಂಭ್ರಮ ಅಂದರೆ ಅದು.

ಮಲ್ನಾಡ್_ಇನ್_ಕೆಂಟ್:
ಕಾರ್ನ್‌ವಾಲಿನವರ ಮುಂದೆ ಇಂಗ್ಲೆಂಡ್ ಅನ್ನಬೇಡಿ. 2014ರಲ್ಲಿ ಸರ್ಕಾರವೇ ಅವರನ್ನು ಪ್ರತ್ಯೇಕ ರಾಷ್ಟ್ರೀಯ ಅಲ್ಪಸಂಖ್ಯಾತರು ಎಂದು ಒಪ್ಪಿಕೊಂಡಿದೆ.

ಸಾಮರ್ಸೆಟ್_ರಾಘು:
ನಕ್ಷೆಯಲ್ಲಿ ಇಂಗ್ಲೆಂಡಿನಲ್ಲೇ ಇದೆ ಸ್ವಾಮಿ.

ಮಲ್ನಾಡ್_ಇನ್_ಕೆಂಟ್:
ನಕ್ಷೆಯಲ್ಲಿ ಇದೆ. ಹಬ್ಬದ ದಿನ ಬೀದಿಯಲ್ಲಿ ಹಾರುವ ಕಪ್ಪು ಬಿಳಿ ಬಾವುಟ ನೋಡಿ, ಅಲ್ಲಿನವರನ್ನೇ ಕೇಳಿ. ಅವರ ಊರಿನ ಹಬ್ಬಕ್ಕೆ ಹೋಗುವಾಗ ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂಬುದಕ್ಕೆ ಮರ್ಯಾದೆ ಕೊಡಬೇಕಲ್ವಾ?

ಗದಗ್ಗಾರ:
ನನಗ ಒಂದ ಪ್ರಶ್ನೆ. ಮಾರಿಸ್ ಡಾನ್ಸ್ ಅಂತ ಇಲ್ಲಿಯ ಜಾನಪದ ಕುಣಿತ ಅದಲ್ಲ, ಅದರವರು ಮುಖಕ್ಕ ಕಪ್ಪ ಬಳಕೊಂಡು ಕುಣಿಯೋದು ನೋಡಿದ್ದೆ. ಮಕ್ಕಳ ಜೋಡಿ ಇದ್ದೆ. ಮನಸ್ಸಿಗೆ ಹೆಂಗೋ ಆತು. ಈಗೂ ಹಂಗ ಮಾಡ್ತಾರೇನು?

ಇತಿಹಾಸ_ಪ್ರಿಯ:
ಈಗ ಬಹುತೇಕ ನಿಂತಿದೆ. ವೇಲ್ಸ್ ಗಡಿ ಕಡೆಯ ಬಾರ್ಡರ್ ಮಾರಿಸ್ ತಂಡಗಳಲ್ಲಿ ಅದು ಜಾಸ್ತಿ ಇತ್ತು. ಗುರುತು ಸಿಗದಿರಲಿ ಎಂದು ಮಸಿ ಬಳಿಯುತ್ತಿದ್ದರು ಎಂದು ಕೆಲವರು, ಅದು ಕಪ್ಪು ಜನರನ್ನು ಅಣಕಿಸುತ್ತಿದ್ದ 19ನೇ ಶತಮಾನದ ಮಿನ್‌ಸ್ಟ್ರೆಲ್ ಆಟದಿಂದ ಬಂದದ್ದು ಎಂದು ಕೆಲವರು ವಾದ ಮಾಡುತ್ತಿದ್ದರು. 2020ರಲ್ಲಿ ಮಾರಿಸ್ ತಂಡಗಳ ಒಕ್ಕೂಟಗಳು ಒಟ್ಟಿಗೆ ಸೇರಿ ಪೂರ್ತಿ ಕಪ್ಪು ಬಳಿಯುವುದು ಬೇಡ ಎಂದು ತೀರ್ಮಾನಿಸಿದವು. ಹೆಚ್ಚಿನ ತಂಡಗಳು ಹಸಿರು, ನೀಲಿ ಬಣ್ಣಕ್ಕೆ ಬಂದಿವೆ. ನೋಡುವವರಿಗೆ ನೋವಾಗುತ್ತದೆ ಎಂದರೆ ಪದ್ಧತಿ ಬದಲಾಯಿಸಬಹುದು ಎಂದು ಕುಣಿಯುವವರೇ ಒಪ್ಪಿದ್ದು ದೊಡ್ಡ ಮಾತು. ನಿಮಗೆ ಅನಿಸಿದ್ದರಲ್ಲಿ ತಪ್ಪಿಲ್ಲ.

ಡರ್ಬಿ_ಶಾಲಿನಿ:
ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ! ಹಾರೋಗೇಟ್ ಅಕ್ಕ, ನಿಮ್ಮ ಉತ್ತರ ಯಜಮಾನರಿಗೆ ಓದಿ ಹೇಳಿದೆ. ಮಣ್ಣು ತುಳಿಯೋಕೆ ಒಪ್ಪಿದ್ದಾರೆ. ನಾನು ಅಜ್ಜಿಗೆ ಹೆಸರು ಕೊಟ್ಟು ಬಂದೆ. ಈಗ ಅತ್ತೆ ಮಾವನ ವಿಷಯ. ಕೃಷಿ ಸಂಬಂಧದ್ದು ಏನಾದರೂ ಇದೆಯಾ? ಮಾವ ಫೋನಿನಲ್ಲಿ ಕೇಳಿದ್ದೇ, "ಅಲ್ಲಿ ರೈತರು ಏನು ಬೆಳೆಯುತ್ತಾರೆ, ಹೇಗೆ ಬದುಕುತ್ತಾರೆ" ಅಂತ.

ಹಾರೋಗೇಟ್_ಅಕ್ಕ:
ಹಾಗಾದರೆ ಜುಲೈಯಲ್ಲಿ ನಮ್ಮ ಹಾರೋಗೇಟಿನ ಗ್ರೇಟ್ ಯಾರ್ಕ್‌ಶೈರ್ ಶೋ. ನಾಲ್ಕು ದಿನ ನಡೆಯುತ್ತದೆ, 1838ರಿಂದ ನಡೆದುಬಂದ ಮೇಳ. ದನ, ಕುರಿ, ಹಂದಿ, ಕುದುರೆ, ಚೀಸು, ಟ್ರ್ಯಾಕ್ಟರ್, ಎಲ್ಲ. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತೆಗೆದುಕೋ. ಕುರಿ ವಿಭಾಗದಲ್ಲಿ ಮಾವನನ್ನು ಬಿಟ್ಟುಬಿಡು. ಸ್ವೇಲ್‌ಡೇಲ್, ವೆನ್ಸ್‌ಲಿಡೇಲ್ ಅಂತ ಒಂದೊಂದು ಕಣಿವೆಗೆ ಒಂದೊಂದು ತಳಿ ಇದೆ. ಸಾಕುವವರು ಪಕ್ಕದಲ್ಲೇ ನಿಂತಿರುತ್ತಾರೆ, ಕೇಳಿದರೆ ಗಂಟೆಗಟ್ಟಲೆ ಮಾತಾಡುತ್ತಾರೆ. ಭಾಷೆಗೆ ನೀನು ಜೊತೆಯಲ್ಲಿ ಇರು.

ಬೆಣ್ಣೆದೋಸೆ_ದಾವಣಗೆರೆ:
ಟಿಕೆಟ್ ದುಬಾರಿ ಅನಿಸಿದರೆ ಓಪನ್ ಫಾರ್ಮ್ ಸಂಡೇ ನೋಡಿ. ಜೂನ್ ತಿಂಗಳಲ್ಲಿ ಬರುತ್ತದೆ. 2006ರಿಂದ ನಡೀತಿದೆ. ರೈತರೇ ತಮ್ಮ ಜಮೀನಿಗೆ ಜನರನ್ನು ಕರೆದು ತೋರಿಸುತ್ತಾರೆ, ಹೆಚ್ಚು ಕಡೆ ಪುಕ್ಕಟೆ. ಹಾಲು ಕರೆಯುವ ಯಂತ್ರ, ಗೋಧಿ ಹೊಲ, ಟ್ರ್ಯಾಕ್ಟರ್ ಗಾಡಿಯಲ್ಲಿ ಸುತ್ತಾಟ. ಮಾವನ ಪ್ರಶ್ನೆಗೆ ನೇರ ಉತ್ತರ ಅಲ್ಲೇ ಸಿಗುತ್ತದೆ. ಸಬ್ಸಿಡಿ ಕಥೆ, ಸೂಪರ್‌ಮಾರ್ಕೆಟ್ ಕೊಡುವ ಹಾಲಿನ ರೇಟು, ಎಲ್ಲ ಬಾಯಿಬಿಟ್ಟು ಹೇಳ್ತಾರೆ.

ಸ್ಟಾಫರ್ಡ್_ಚಂದ್ರು:
ಕುರಿನಾಯಿ ಸ್ಪರ್ಧೆ ಬಿಟ್ಟರಲ್ಲ! ನನಗೆ ಎಲ್ಲಕ್ಕಿಂತ ಇಷ್ಟ ಅದು. ಕುರಿಗಾಹಿ ಒಂದು ಗೂಟದ ಹತ್ತಿರ ನಿಂತಿರುತ್ತಾನೆ. ದೂರದಲ್ಲಿ ಕೆಲವು ಕುರಿ ಬಿಡುತ್ತಾರೆ. ನಾಯಿ ಸುತ್ತು ಹಾಕಿ ಕುರಿಗಳ ಹಿಂದೆ ಹೋಗಬೇಕು, ಹೆದರಿಸದೆ ಎಬ್ಬಿಸಬೇಕು, ಗೇಟುಗಳ ನಡುವೆ ಹಾಯಿಸಿ ತರಬೇಕು, ಕೊನೆಗೆ ದೊಡ್ಡಿಗೆ ಹೊಗಿಸಬೇಕು. "ಕಮ್ ಬೈ" ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತು, "ಅವೇ" ಅಂದರೆ ಅದರ ಎದುರು ದಿಕ್ಕಿಗೆ. ದೂರ ಹೋದ ಮೇಲೆ ಬರೀ ಸಿಳ್ಳೆ. ನಾಯಿ ಓಡುವುದಕ್ಕಿಂತ ನಿಲ್ಲುವುದನ್ನು ನೋಡಬೇಕು. ಹೊಟ್ಟೆ ನೆಲಕ್ಕೆ ತಾಗಿಸಿ, ಕಣ್ಣು ಕುರಿ ಮೇಲೆ ನೆಟ್ಟು, ಒಂದು ಹೆಜ್ಜೆ ಇಡಬೇಕಾ ಬೇಡವಾ ಅಂತ ತಾನೇ ಯೋಚಿಸುತ್ತದೆ. ಅವಸರ ಮಾಡಿದರೆ ಕುರಿ ಚದುರಿ ಅಂಕ ಹೋಗುತ್ತದೆ. ಪ್ರವೇಶ ಶುಲ್ಕ ಇದ್ದರೂ ಕಡಿಮೆ. ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಟೋಪಿ ತೆಗೆದುಕೊಂಡು ಹೋಗಿ.

ನರ್ಸ್_ವಿಮಲಾ:
ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ ಅಂತ ಯಾರೂ ಹೇಳಲಿಲ್ಲ. ಮೇಳದಲ್ಲಿ ಎಲ್ಲ ಕಡೆ ಹಂದಿ ಸುಡುವ ವಾಸನೆ. ಹಿರಿಯರಿಗೆ ಕಷ್ಟ ಆಗಬಹುದು. ಬುತ್ತಿ ಕಟ್ಟಿಕೊಂಡು ಹೋಗಿ. ಚರ್ಚ್ ಹಾಲಿನಲ್ಲಿ ಹೆಂಗಸರು ಟೀ, ಸ್ಕೋನು, ಕೇಕು ಇಡುತ್ತಾರೆ. ಕೇಕಿಗೆ ಮೊಟ್ಟೆ ಹಾಕಿರುತ್ತಾರೆ, ಅತ್ತೆಯವರು ತಿನ್ನದಿದ್ದರೆ ಮೊದಲೇ ಕೇಳಿ.

ಹಾರೋಗೇಟ್_ಅಕ್ಕ:
ಕೇಕಿನ ಮಾತು ಬಂತು, ಹೇಳಿಬಿಡುತ್ತೇನೆ. ಬೇಸಿಗೆ ಕೊನೆಯ ಹಳ್ಳಿ ಪ್ರದರ್ಶನಗಳಲ್ಲಿ ಸ್ಪರ್ಧೆಗೆ ಹೆಸರು ಕೊಡಿ. ಬಹಳ ಚೆನ್ನಾಗಿರುತ್ತದೆ. ವಿಮೆನ್ಸ್ ಇನ್‌ಸ್ಟಿಟ್ಯೂಟ್ ಅಂತ ಹೆಂಗಸರ ಸಂಘ ಇದೆ, ಅವರ ನಿಯಮ ಮಾತ್ರ ಕಟ್ಟುನಿಟ್ಟು. ವಿಕ್ಟೋರಿಯ ಸ್ಪಂಜ್ ಕೇಕಿನ ನಡುವೆ ರಾಸ್ಪ್‌ಬೆರಿ ಜ್ಯಾಮು ಮಾತ್ರ, ಕ್ರೀಮು ಇಲ್ಲ. ಉಪ್ಪಿನಕಾಯಿ, ಜ್ಯಾಮಿನ ಬಾಟಲಿ ಮೇಲೆ ಕಂಪನಿ ಹೆಸರು ಇರಬಾರದು. ಲೇಬಲಿನಲ್ಲಿ ಏನು ಅಂತ ಮತ್ತು ಮಾಡಿದ ತಾರೀಖು ಇರಬೇಕು. ಚಟ್ನಿ ಎರಡು ಮೂರು ತಿಂಗಳು ಹಣ್ಣಾಗಿರಬೇಕು.

ಲೆಸ್ಟರ್_ಮಂಜು:
ನನ್ನ ಹೆಂಡತಿ ನಿಂಬೆ ಉಪ್ಪಿನಕಾಯಿ ಇಟ್ಟು ಎರಡನೇ ಬಹುಮಾನ ತಂದಳು. ತೀರ್ಪು ಕೊಟ್ಟ ಅಜ್ಜಿ ಚೀಟಿಯಲ್ಲಿ "ಖಾರ ಇದೆ, ಆದರೆ ಹದ ಬಹಳ ಚೆನ್ನಾಗಿದೆ" ಅಂತ ಬರೆದಿದ್ದರು. ಆ ಚೀಟಿ ಫ್ರಿಜ್ ಮೇಲೆ ಅಂಟಿಸಿದ್ದೇವೆ. ಮುಂದಿನ ವರ್ಷ ನಾಲ್ಕು ಜನ ಬಂದು ಮಾಡುವ ವಿಧಾನ ಕೇಳಿದರು. ಅಲ್ಲಿಂದ ಊರಲ್ಲಿ ಎಲ್ಲರ ಪರಿಚಯ ಆಯಿತು.

ಇತಿಹಾಸ_ಪ್ರಿಯ:
ಹೊರಗಿನವರು ಎಲ್ಲಕ್ಕೂ ಸೇರಬಹುದು ಎಂದು ಯಾರೂ ಭಾವಿಸಬಾರದು, ಅದನ್ನೂ ಹೇಳಬೇಕು. ನವೆಂಬರ್ 5ಕ್ಕೆ ಡೆವನ್ನಿನ ಆಟರಿ ಸೇಂಟ್ ಮೇರಿಯಲ್ಲಿ ಉರಿಯುವ ಟಾರು ಪೀಪಾಯಿಯನ್ನು ಹೆಗಲ ಮೇಲೆ ಹೊತ್ತು ಜನರ ನಡುವೆ ಓಡುತ್ತಾರೆ. ಹೊರುವ ಹಕ್ಕು ಆ ಊರಿನಲ್ಲಿ ಹುಟ್ಟಿದವರಿಗೆ, ಬಹಳ ಕಾಲ ಬಾಳಿದವರಿಗೆ ಮಾತ್ರ. ಡರ್ಬಿಶೈರಿನ ಆಶ್‌ಬೋರ್ನಿನಲ್ಲಿ ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸ ಶುರುವಾಗುವ ಬುಧವಾರ ಮತ್ತು ಅದರ ಹಿಂದಿನ ಮಂಗಳವಾರ ಊರೇ ಎರಡು ಭಾಗವಾಗಿ ಚೆಂಡಾಟ ಆಡುತ್ತದೆ. ಹೆನ್ಮೋರ್ ಹಳ್ಳದ ಯಾವ ದಡದಲ್ಲಿ ಹುಟ್ಟಿದಿರಿ ಎಂಬುದರ ಮೇಲೆ ನಿಮ್ಮ ಪಕ್ಷ. ಎರಡು ಗೋಲುಗಳ ನಡುವೆ ಮೂರು ಮೈಲಿ. ಅಂಗಡಿಗಳ ಗಾಜಿಗೆ ಹಲಗೆ ಹೊಡೆದಿರುತ್ತಾರೆ. ಅಲ್ಲಿ ಗುಂಪಿನ ಒಳಗೆ ಹೋಗದೆ ದೂರ ನಿಂತು ನೋಡುವುದೇ ಸರಿ.

ಕುಂದಾಪ್ರ_ಕಿಟ್ಟಿ:
ಕಂಬ್ರಿಯಾದ ಆಪಲ್‌ಬಿ ಕುದುರೆ ಸಂತೆ ಬಗ್ಗೆ ಏನಂತೀರಿ? ಜೂನ್ ಮೊದಲ ವಾರ ಬರುತ್ತದೆ. ಆಫೀಸಿನಲ್ಲಿ ಎಲ್ಲ "ಹೋಗಬೇಡ, ಅಲೆಮಾರಿಗಳ ಗಲಾಟೆ" ಅಂತ ಹೆದರಿಸಿದರು.

ಹಾರೋಗೇಟ್_ಅಕ್ಕ:
ಆ ಮಾತು ನನಗೆ ಸರಿ ಕಾಣುವುದಿಲ್ಲ. ಅದು ಜಿಪ್ಸಿ ಮತ್ತು ಟ್ರಾವೆಲರ್ ಎಂಬ ಅಲೆಮಾರಿ ಸಮುದಾಯಗಳ ಕುಟುಂಬಗಳ ಸಂತೆ. ವರ್ಷಕ್ಕೊಮ್ಮೆ ನೆಂಟರು ಸೇರುವ ಜಾಗ. ಈಡನ್ ಹೊಳೆಗೆ ಕುದುರೆ ಇಳಿಸಿ ತೊಳೆಯುವುದನ್ನು ನೋಡಿದರೆ ಮರೆಯೋಕಾಗಲ್ಲ. ಜನ ಜಾಸ್ತಿ, ರಸ್ತೆ ತುಂಬಿ ಹೋಗುತ್ತದೆ, ಅದು ನಿಜ. ಕುದುರೆ ಓಡಿಸುವ ದಾರಿಯಲ್ಲಿ ಮಕ್ಕಳ ಕೈ ಬಿಡಬೇಡಿ. ಕೇಳದೆ ಯಾರ ಗಾಡಿ, ಯಾರ ಮಕ್ಕಳ ಫೋಟೋನೂ ತೆಗೆಯಬೇಡಿ. ಅಷ್ಟು ಮರ್ಯಾದೆ ಇಟ್ಟುಕೊಂಡರೆ ತೊಂದರೆ ಇಲ್ಲ.

ಮಲ್ನಾಡ್_ಇನ್_ಕೆಂಟ್:
ಶಾಲಿನಿಯವರೇ, ಅತ್ತೆಯವರಿಗೆ ಕಂಬ್ರಿಯಾದ ಗ್ರಾಸ್‌ಮಿಯರ್ ಊರಿನ ಹಬ್ಬ ಹಿಡಿಸಬಹುದು. ಜುಲೈಯಲ್ಲಿ ಮಕ್ಕಳು ಜೊಂಡುಹುಲ್ಲು, ಹೂವು ಹಿಡಿದು ಮೆರವಣಿಗೆಯಲ್ಲಿ ಚರ್ಚಿಗೆ ಹೋಗುತ್ತಾರೆ. ಹಿಂದೆ ಆ ಚರ್ಚಿಗೆ ಮಣ್ಣಿನ ನೆಲ ಇತ್ತು, ಥಂಡಿಗೆ ಹುಲ್ಲು ಹಾಸುತ್ತಿದ್ದರು. 1841ರಲ್ಲಿ ಕಲ್ಲು ಹಾಸಿದ ಮೇಲೂ ಮೆರವಣಿಗೆ ನಿಲ್ಲಲಿಲ್ಲ. ಮಕ್ಕಳಿಗೆ ಶುಂಠಿ ಬಿಸ್ಕತ್ತು ಕೊಡುತ್ತಾರೆ. ಸಮತಟ್ಟು ದಾರಿ, ಪಕ್ಕದಲ್ಲೇ ಸರೋವರ.

ಡರ್ಬಿ_ಶಾಲಿನಿ:
ಕಾರು ಇಲ್ಲದ ದಿನ ಬಸ್ಸಿನಲ್ಲಿ ಹೋಗೋಕೆ ಆಗುತ್ತಾ? ಯಜಮಾನರಿಗೆ ಶಿಫ್ಟ್ ಕೆಲಸ.

ಸ್ಟಾಫರ್ಡ್_ಚಂದ್ರು:
ಹಳ್ಳಿ ಬಸ್ಸು ನಂಬಬೇಡಿ. ಭಾನುವಾರ, ಬ್ಯಾಂಕ್ ಹಾಲಿಡೇ ದಿನ ಎಷ್ಟೋ ಕಡೆ ಇರುವುದೇ ಇಲ್ಲ, ಹಬ್ಬ ಬರುವುದು ಅದೇ ದಿನ. ಆಶ್‌ಬೋರ್ನಿಗೆ ರೈಲೂ ಇಲ್ಲ. ಹಳೇ ರೈಲು ದಾರಿ ಈಗ ನಡೆಯುವ ದಾರಿ ಆಗಿದೆ, ಟಿಸಿಂಗ್ಟನ್ ಟ್ರೇಲ್ ಅಂತ. ಮಾವನಿಗೆ ಅಲ್ಲಿ ನಡೆಸಿ, ಮಂಡಿಗೆ ಭಾರ ಬೀಳಲ್ಲ. ಹಬ್ಬಕ್ಕೆ ಹೋಗೋಕೆ ಪಕ್ಕದ ಮನೆಯವರ ಕಾರಿನಲ್ಲಿ ಜಾಗ ಕೇಳಿ. ಎಸಳು ಹಚ್ಚಿದ ಮೇಲೆ ಅವರೇ ಕರೆದುಕೊಂಡು ಹೋಗುತ್ತಾರೆ ನೋಡಿ.

ಗದಗ್ಗಾರ:
ಚಳಿಗಾಲಕ್ಕ ಏನೂ ಇಲ್ಲೇನು? ಮನ್ಯಾಗ ಕುಂತು ಕುಂತು ಬ್ಯಾಸರ ಆಗ್ತದ.

ಸಾಮರ್ಸೆಟ್_ರಾಘು:
ಚಳಿಗಾಲಕ್ಕೆ ನಮ್ಮ ಸಾಮರ್ಸೆಟ್ಟಿಗೆ ಬನ್ನಿ ಅಣ್ಣ. ಜನವರಿ 17, ವಾಸೇಲ್, ಸೇಬಿನ ಮರಗಳ ಹಬ್ಬ. ಹಿಂದೆ ಜನವರಿ 6ಕ್ಕೆ ಬರುತ್ತಿತ್ತು. 1752ರಲ್ಲಿ ಪಂಚಾಂಗ ಬದಲಾಯಿಸಿ 11 ದಿನ ಬಿಟ್ಟರು, ಸೇಬಿನ ತೋಟದವರು ಮಾತ್ರ ಹಳೇ ಲೆಕ್ಕ ಬಿಡಲಿಲ್ಲ. ಕಾರ್‌ಹ್ಯಾಂಪ್ಟನ್ ಊರಿನದು ಹೆಸರಾದದ್ದು. ಕತ್ತಲಾದ ಮೇಲೆ ತೋಟದ ಹಳೇ ಮರದ ಸುತ್ತ ಸೇರುತ್ತಾರೆ. ಬುಡಕ್ಕೆ ಸೈಡರ್, ಅಂದರೆ ಸೇಬಿನ ಮದ್ಯ, ಸುರಿಯುತ್ತಾರೆ, ಸೈಡರಿನಲ್ಲಿ ಅದ್ದಿದ ಬ್ರೆಡ್ಡಿನ ಚೂರನ್ನು ಕೊಂಬೆಗೆ ಸಿಕ್ಕಿಸುತ್ತಾರೆ, ಅದು ರಾಬಿನ್ ಹಕ್ಕಿಗೆ. ಹಾಡಿ, ಪಾತ್ರೆ ಬಡಿದು, ಕೊಂಬೆಗಳ ನಡುವೆ ಆಕಾಶಕ್ಕೆ ಬಂದೂಕು ಹಾರಿಸುತ್ತಾರೆ. ಕೆಟ್ಟದ್ದು ಓಡಿಹೋಗಿ ಮುಂದಿನ ಫಸಲು ಚೆನ್ನಾಗಿ ಬರಲಿ ಅಂತ.

ನರ್ಸ್_ವಿಮಲಾ:
ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಬಂದೂಕಿನ ಸದ್ದು, ಸೈಡರ್ ಎಲ್ಲ ಇದೆಯಲ್ಲ.

ಸಾಮರ್ಸೆಟ್_ರಾಘು:
ಧಾರಾಳವಾಗಿ. ಈಗ ಎಷ್ಟೋ ಸಮುದಾಯ ತೋಟಗಳಲ್ಲಿ ಮಧ್ಯಾಹ್ನವೇ ಮಕ್ಕಳ ವಾಸೇಲ್ ಮಾಡುತ್ತಾರೆ, ಅವರಿಗೆ ಬಿಸಿ ಸೇಬಿನ ರಸ. ಬಂದೂಕು ಹಾರಿಸುವ ಮೊದಲು ಕೂಗಿ ಹೇಳುತ್ತಾರೆ, ಆಗ ಕಿವಿ ಮುಚ್ಚಿ. ಗಂಬೂಟು, ಟಾರ್ಚು ಬೇಕೇ ಬೇಕು. ಬಡಿಯೋಕೆ ಮನೆಯಿಂದ ಒಂದು ಹಳೇ ಪಾತ್ರೆ, ಸೌಟು ತನ್ನಿ. ಸ್ಟೀಲಿನದು ಒಳ್ಳೆಯದು, ಅಲ್ಯೂಮಿನಿಯಂ ಅಷ್ಟು ಸದ್ದು ಮಾಡಲ್ಲ.

ಗದಗ್ಗಾರ:
ನಮ್ಮ ಮನ್ಯಾಗ ಒಂದು ದೊಡ್ಡ ಸ್ಟೀಲ್ ಪರಾತ ಅದ. ತರ್ತೀನಿ.